ಮಗಳ ಪುಸ್ತಕಗಳನ್ನು ಓದಿದ ಮೇಲೆ

ಈ ಚಳಿಗಾಲ ನಾನು ಮಗಳ ಪುಸ್ತಕಗಳನ್ನು ಓದಿದೆ. ಅವಳಿಗೆ ಹದಿನೈದು. ನಾವಿರುವುದು ಷಿಕಾಗೊದ ಹೊರವಲಯದಲ್ಲಿ. ಡಿಸೆಂಬರ್ ಬಂತೆಂದರೆ ಸಂಜೆ ಐದಕ್ಕೆ ಮೊದಲೇ ಕತ್ತಲು. ಶನಿವಾರ ಲೈಬ್ರರಿಗೆ ಹೋಗಿ ಅವಳು ಏಳೆಂಟು ಪುಸ್ತಕ ಹೊತ್ತು ತರುತ್ತಾಳೆ, ಅವು ಸೋಫಾದ ಮೇಲೆ, ಮೆಟ್ಟಿಲ ಮೇಲೆ, ಊಟದ ಮೇಜಿನ ಮೇಲೆ ಬಿದ್ದಿರುತ್ತವೆ. ಒಂದು ರಾತ್ರಿ ಮೇಜು ಒರೆಸಲು ಹೋಗಿ ಒಂದನ್ನು ಎತ್ತಿದೆ, ನಿಂತಲ್ಲೇ ನಾಲ್ಕು ಪುಟ ಓದಿದೆ, ಆಮೇಲೆ ಕೂತೆ. ಮುಗಿಸಿ ಎದ್ದಾಗ ಮನೆಯಲ್ಲಿ ಎಲ್ಲರೂ ಮಲಗಿದ್ದರು.

ಆ ಪುಸ್ತಕ ಜೇಸನ್ ರೆನಾಲ್ಡ್ಸ್ ಬರೆದ ‘ಲಾಂಗ್ ವೇ ಡೌನ್’, 2017ರದ್ದು. ಹದಿನೈದು ವರ್ಷದ ವಿಲ್ ಎಂಬ ಹುಡುಗನ ಅಣ್ಣನನ್ನು ಬೀದಿಯಲ್ಲಿ ಯಾರೋ ಗುಂಡಿಟ್ಟು ಕೊಂದಿದ್ದಾರೆ. ಆ ಕೇರಿಯಲ್ಲಿ ಮೂರು ನಿಯಮ: ಅಳಬಾರದು, ಬಾಯಿ ಬಿಡಬಾರದು, ಸೇಡು ತೀರಿಸಿಕೊಳ್ಳಬೇಕು. ಅಣ್ಣನ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಿಲ್ ಲಿಫ್ಟ್ ಹತ್ತುತ್ತಾನೆ. ಒಂದು ನಿಮಿಷದ ಇಳಿತ, ಅಷ್ಟೇ ಕಾದಂಬರಿ. ಪ್ರತಿ ಮಹಡಿಯಲ್ಲಿ ಬಾಗಿಲು ತೆರೆದು ಒಬ್ಬೊಬ್ಬರೇ ಒಳಗೆ ಬರುತ್ತಾರೆ, ಬಂದವರೆಲ್ಲ ಗುಂಡಿಗೆ ಸತ್ತವರು. ಪೂರ್ತಿ ಪುಸ್ತಕ ಸಣ್ಣ ಸಣ್ಣ ಸಾಲುಗಳ ಪದ್ಯದಲ್ಲಿದೆ. ಪುಟದಲ್ಲಿ ಬಿಳಿ ಜಾಗವೇ ಹೆಚ್ಚು, ಆ ಬಿಳಿಯಲ್ಲಿ ಹುಡುಗನ ಉಸಿರು ಕೇಳಿಸುತ್ತದೆ.

ನಡುವೆ ಒಬ್ಬರು ಬರುತ್ತಾರೆ. ಯಾರೆಂದು ಹೇಳಿದರೆ ಓದುವವರಿಗೆ ಮೋಸ ಮಾಡಿದಂತೆ. ಅವರೂ ಹಿಂದೆ ಸೇಡು ತೀರಿಸಿಕೊಳ್ಳಲು ಹೋದವರು, ಹೋಗಿ ಬೇರೆ ಯಾರನ್ನೋ ಕೊಂದವರು. ಆ ಪುಟ ಓದುವಾಗ ನನಗೆ ನೆನಪಾದದ್ದು ಸಾಗರದ ನಮ್ಮ ಅಜ್ಜನ ಮನೆಯ ಜಗಲಿ. ಅಜ್ಜ ಗಮಕಿ ಅಲ್ಲ, ಆದರೆ ಮಳೆಗಾಲದ ರಾತ್ರಿ ಭಾರತದ ಕಥೆ ಹೇಳುತ್ತಿದ್ದರು. ಅಶ್ವತ್ಥಾಮ ಪಾಂಡವರೆಂದುಕೊಂಡು ಮಲಗಿದ್ದ ಮಕ್ಕಳ ತಲೆ ತಂದ ಭಾಗಕ್ಕೆ ಬಂದಾಗ ಅವರ ದನಿ ಇಳಿಯುತ್ತಿತ್ತು. ತಲೆಗಳನ್ನು ನೋಡಿ ದುರ್ಯೋಧನನೇ ಮರುಗಿದ ಎನ್ನುವಾಗ ನಾವು ಮಕ್ಕಳು ಕಂಬಳಿಯೊಳಗೆ ಮುದುಡುತ್ತಿದ್ದೆವು. ತೊಡೆ ಮುರಿದು ಬಿದ್ದ ದೊರೆಗೆ ತಪ್ಪು ತಿಳಿದದ್ದು ಎಲ್ಲ ಮುಗಿದ ಮೇಲೆ. ವಿಲ್‌ಗೆ ಒಂದು ನಿಮಿಷ ಮೊದಲು ಅದನ್ನು ತೋರಿಸುತ್ತಾನೆ ಈ ಲೇಖಕ. ಲಿಫ್ಟ್ ಕೆಳಗೆ ತಲುಪಿದಾಗ ಹುಡುಗ ಏನು ಮಾಡಿದ ಎಂಬುದನ್ನು ಮಾತ್ರ ಹೇಳುವುದಿಲ್ಲ. ಹದಿಹರೆಯದವರಿಗೆ ಬರೆದ ಪುಸ್ತಕ ಇಷ್ಟು ದೊಡ್ಡ ನಿರ್ಧಾರವನ್ನು ಓದುಗರ ಕೈಗೆ ಬಿಟ್ಟುಬಿಡಬಹುದೆಂದು ನನಗೆ ಗೊತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು. ಮಾರ್ಚಿನ ಹೊತ್ತಿಗೆ ಅವಳು ಓದಿ ಇಟ್ಟದ್ದರಲ್ಲಿ ಹನ್ನೊಂದು ಕಾದಂಬರಿ ಓದಿದ್ದೆ. ಕೆಲವು ತುಂಬ ಹಿಡಿಸಿದವು, ಕೆಲವು ಸಪ್ಪೆ, ಎರಡನ್ನು ಅರ್ಧಕ್ಕೇ ಬಿಟ್ಟೆ. ಓದುತ್ತ ಓದುತ್ತ ನನ್ನದೇ ಹದಿನೈದನೆಯ ವರ್ಷದ ಓದು ಪಕ್ಕದಲ್ಲಿ ಬಂದು ಕೂತುಬಿಟ್ಟಿತು.

ಇಲ್ಲಿನ ಲೈಬ್ರರಿಯಲ್ಲಿ ಹದಿಹರೆಯದವರಿಗೆ ಬೇರೆ ವಿಭಾಗವೇ ಇದೆ. ಹನ್ನೆರಡರಿಂದ ಹದಿನೆಂಟು ವರ್ಷದವರಿಗೆ ಬರೆದ ಪುಸ್ತಕಗಳನ್ನು ‘ಯಂಗ್ ಅಡಲ್ಟ್’ ಅಥವಾ ಬರೀ ‘ವೈಎ’ ಎನ್ನುತ್ತಾರೆ. ನಾವು ಹೋಗುವ ಲೈಬ್ರರಿಯಲ್ಲಿ ಅದು ಎರಡನೆಯ ಮಹಡಿಯ ಕಿಟಕಿಯ ಪಕ್ಕ. ನೆಲದ ಮೇಲೆ ದಿಂಬು ಹಾಕಿದ್ದಾರೆ, ಮಕ್ಕಳು ಬಿದ್ದುಕೊಂಡು ಓದುತ್ತವೆ. ಅಲ್ಲಿನ ಲೈಬ್ರೇರಿಯನ್ ಹೆಂಗಸು ಪುಸ್ತಕ ವಾಪಸು ಕೊಡುವಾಗ ಮಗಳನ್ನು ಕೇಳುವುದು ಒಂದೇ ಪ್ರಶ್ನೆ, ಇಷ್ಟವಾಯಿತಾ ಅಂತ. ಇಲ್ಲ ಅಂದರೆ ಯಾಕೆ ಅಂತ ಕೇಳಿ, ಕೇಳಿಸಿಕೊಂಡು, ಇನ್ನೊಂದನ್ನು ಹುಡುಕಿ ಕೊಡುತ್ತಾರೆ.

ಸಾಗರದ ನಮ್ಮ ತಾಲೂಕು ಲೈಬ್ರರಿ ಬಡದ್ದೇನಲ್ಲ. 1965ರ ಗ್ರಂಥಾಲಯ ಕಾಯ್ದೆ ಬಂದಮೇಲೆ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವೂ ಸೇರಿತು. ಊರಿನ ಮನೆಮನೆಯ ದುಡ್ಡಿನಿಂದ ಬಂದ ಪುಸ್ತಕಗಳು ಅವು. ದೊಡ್ಡ ಮರದ ಮೇಜು, ಪತ್ರಿಕೆಗೆ ಕೋಲು, ಗಾಜಿನ ಬೀರು. ಆದರೆ ಬೀರುವಿಗೆ ಬೀಗ. ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನು ಬೆರಳು ತೋರಿಸಿ ಒಂದು ಕಾದಂಬರಿ ಕೇಳಿದೆ. ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಅದು ದೊಡ್ಡವರ ಪುಸ್ತಕ, ನಿನಗಲ್ಲ’ ಎಂದು ನೀತಿಕಥೆಗಳ ಸಂಕಲನ ಕೈಗಿಟ್ಟರು. ಅದರಲ್ಲಿ ಹಿರಿಯರ ಮಾತು ಕೇಳದ ಮೇಕೆಮರಿ ಇತ್ತು. ನನಗೆ ಆಗ ಮೀಸೆ ಚಿಗುರುತ್ತಿತ್ತು. ಆ ಮಧ್ಯಾಹ್ನದ ಅವಮಾನ ಇನ್ನೂ ಹಾಗೇ ಇದೆ.

ಬೀಗ ಹಾಕಿದ ಬೀರುವನ್ನು ನಾವು ಬೇರೆ ದಾರಿಯಿಂದ ದಾಟಿದೆವು, ಅದೂ ನಿಜ. ಚಂದಮಾಮ ಬಿಟ್ಟ ಮರುವಾರವೇ ಅಕ್ಕಂದಿರ ತಲೆದಿಂಬಿನ ಕೆಳಗಿಂದ ತ್ರಿವೇಣಿ, ಚಿಕ್ಕಪ್ಪನ ಟ್ರಂಕಿನಿಂದ ಭೈರಪ್ಪ, ಬಾಡಿಗೆ ಪುಸ್ತಕದ ಅಂಗಡಿಯಿಂದ ಯಂಡಮೂರಿ. ‘ಪರ್ವ’ವನ್ನು ಹದಿನೈದಕ್ಕೆ ಓದಿದೆ. ಅರ್ಧ ತಿಳಿಯಲಿಲ್ಲ, ತಿಳಿದ ಅರ್ಧ ನಿದ್ದೆಗೆಡಿಸಿತು. ‘ಕರ್ವಾಲೊ’ ಓದಿ ಹಾರುವ ಓತಿಯನ್ನು ಹುಡುಕುತ್ತ ತೋಟದಲ್ಲಿ ಅಲೆದೆ. ಬೇತಾಳನ ಜೊತೆ ವಿಕ್ರಮನ ಹೆಗಲಿಂದ ಇಳಿದವರು ಸೀದಾ ಕುರುಕ್ಷೇತ್ರಕ್ಕೆ. ನಡುವೆ ಒಂದು ಮೆಟ್ಟಿಲೂ ಇರಲಿಲ್ಲ.

ಇದರಿಂದ ನಮಗೆ ಸಿಕ್ಕಿದ್ದು ಸಣ್ಣದಲ್ಲ. ತಿಳಿಯದ ಪುಸ್ತಕದೊಳಗೆ ತಾಳ್ಮೆಯಿಂದ ಕೂರುವುದನ್ನು ನಾವು ಹಾಗೆ ಕಲಿತೆವು. ನನ್ನ ಮಗಳಿಗೆ ಆ ತಾಳ್ಮೆ ಕಡಿಮೆ. ಮೂವತ್ತು ಪುಟದೊಳಗೆ ತನ್ನಂಥವರು ಯಾರೂ ಕಾಣದಿದ್ದರೆ ಅವಳು ಪುಸ್ತಕ ಮುಚ್ಚುತ್ತಾಳೆ. ನಾವು ಪುಸ್ತಕದಲ್ಲಿ ನಮ್ಮನ್ನು ಹುಡುಕುತ್ತಿರಲಿಲ್ಲ, ಹುಡುಕಬಹುದೆಂದೇ ಗೊತ್ತಿರಲಿಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ಹೇಳಹೊರಟದ್ದು ಇದನ್ನೇ.

ನಮ್ಮ ಸಾಹಿತ್ಯದಲ್ಲಿ ಹುಡುಗರು ಇಲ್ಲವೆಂದಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ಹೇಳುವವನು ಒಬ್ಬ ಪುಟ್ಟ ಹುಡುಗ, ವೇದ ಕಲಿಯಲು ಮನೆ ಬಿಟ್ಟು ಬಂದವನು. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅದನ್ನು ಚಿತ್ರ ಮಾಡಿದಾಗ ಕ್ಯಾಮೆರಾ ಅವನ ಕಣ್ಣಿನ ಎತ್ತರದಲ್ಲೇ ನಿಂತಿತು, ಸ್ವರ್ಣಕಮಲವೂ ಬಂತು. ಲಂಕೇಶರ ‘ಅಕ್ಕ’ದಲ್ಲಿ ಬೆಂಗಳೂರಿನ ಕೊಳೆಗೇರಿಯ ಕ್ಯಾತ ತನ್ನ ಅಕ್ಕನ ಕಥೆಯನ್ನು ತನ್ನದೇ ಬಾಯಲ್ಲಿ ಹೇಳುತ್ತಾನೆ. ಅದೇ 1999ರಲ್ಲಿ ಕವಿತಾ ಲಂಕೇಶರ ‘ದೇವೀರಿ’ ಚಿತ್ರ ಆಯಿತು. ಎರಡೂ ನನಗೆ ಪ್ರಾಣ. ಆದರೆ ಎರಡರಲ್ಲೂ ಹುಡುಗ ಸಾಕ್ಷಿ. ಅಲ್ಲಿ ನೋಯುವವಳು ಗುರುವಿನ ವಿಧವೆ ಮಗಳು ಯಮುನಕ್ಕ, ಇಲ್ಲಿ ನೋಯುವವಳು ಅಕ್ಕ ದೇವೀರಿ, ಹುಡುಗ ನೋಡುತ್ತಾನೆ. ನೋಡಿ ಅವನಿಗೆ ಏನಾಯಿತು, ಆ ರಾತ್ರಿ ಅವನು ಊಟ ಮಾಡಿದನೇ, ಹತ್ತು ವರ್ಷದ ಮೇಲೆ ಅವನು ಎಂಥ ಗಂಡಸಾದ, ಅದನ್ನು ಕಥೆ ಕೇಳುವುದಿಲ್ಲ. ನಮ್ಮ ಮನೆಗಳ ರೀತಿಯೂ ಹಾಗೇ ಇತ್ತಲ್ಲ. ದೊಡ್ಡವರ ಜಗಳ, ದೊಡ್ಡವರ ಸಾವು, ದೊಡ್ಡವರ ಸಾಲ. ನಾವು ಬಾಗಿಲ ಸಂದಿಯಲ್ಲಿ ನಿಂತು ನೋಡಿದೆವು, ‘ಮಕ್ಕಳಿಗೆ ಏನು ತಿಳಿಯುತ್ತೆ’ ಎಂದು ಅವರು ಒಳಗೆ ಹೋದರು.

ಇಲ್ಲಿನ ಹದಿಹರೆಯದ ಕಾದಂಬರಿ ಬಾಗಿಲ ಸಂದಿಯ ಆ ಮಗುವನ್ನು ಎಳೆದು ಕೋಣೆಯ ನಡುವೆ ಕೂರಿಸುತ್ತದೆ. ನಿನಗೆ ಏನಾಯಿತು, ನೀನು ಹೇಳು ಅನ್ನುತ್ತದೆ. ಅದು ದೊಡ್ಡ ಗುಣ. ಅದೇ ಹದ ಮೀರಿದರೆ ಕಥೆ ಮಗುವಿನ ಹೊಟ್ಟೆಯೊಳಗೇ ಸುತ್ತುತ್ತ ಹೊರಗಿನ ಲೋಕವೇ ಮಾಯವಾಗುತ್ತದೆ. ನಾನು ಅರ್ಧಕ್ಕೆ ಬಿಟ್ಟ ಎರಡು ಪುಸ್ತಕಗಳ ಕಾಯಿಲೆ ಅದೇ. ಹಿಡಿಸಿದವುಗಳಲ್ಲಿ ಮಗು ತಾನೂ ಕಥೆಯಾಗಿದೆ, ಇನ್ನೊಬ್ಬರಿಗೆ ಸಾಕ್ಷಿಯೂ ಆಗಿದೆ.

ಆಂಜಿ ಥಾಮಸರ ‘ದ ಹೇಟ್ ಯು ಗಿವ್’ ಹಾಗೆ ಅಕ್ಷರಶಃ ಸಾಕ್ಷಿಯ ಕಥೆ. ಇದೂ 2017ರದ್ದು, ಮರುವರ್ಷ ಚಿತ್ರವೂ ಬಂತು. ಹದಿನಾರು ವರ್ಷದ ಸ್ಟಾರ್ ಕಾರ್ಟರ್ ಒಂದು ಪಾರ್ಟಿಯಿಂದ ಬಾಲ್ಯದ ಗೆಳೆಯ ಖಲೀಲ್ ಜೊತೆ ಕಾರಿನಲ್ಲಿ ಹಿಂದಿರುಗುವಾಗ ಪೊಲೀಸಿನವನು ಕಾರು ನಿಲ್ಲಿಸುತ್ತಾನೆ, ಗುಂಡು ಹಾರುತ್ತದೆ. ಖಲೀಲ್ ಬಳಿ ಬಂದೂಕು ಇರಲಿಲ್ಲ. ಪೊಲೀಸ್ ಬಂದೂಕೆಂದು ಹೇಳಿದ್ದು ಒಂದು ತಲೆ ಬಾಚುವ ಬ್ರಷ್. ನೋಡಿದವಳು ಸ್ಟಾರ್ ಒಬ್ಬಳೇ. ಹೇಳಬೇಕೇ, ಬೇಡವೇ, ಹೇಳಿದರೆ ಯಾರ ಮುಂದೆ, ಯಾವ ದನಿಯಲ್ಲಿ? ಕಾದಂಬರಿ ಪೂರ್ತಿ ಈ ಒಂದು ಗಂಟಲಿನ ಕಥೆ.

ಅವಳಿಗೆ ಎರಡು ದನಿ. ತನ್ನ ಕೇರಿ ಗಾರ್ಡನ್ ಹೈಟ್ಸ್‌ನಲ್ಲಿ ಒಂದು, ಬಿಳಿಯ ಮಕ್ಕಳೇ ತುಂಬಿರುವ ವಿಲಿಯಮ್ಸನ್ ಶಾಲೆಯಲ್ಲಿ ಇನ್ನೊಂದು. ಶಾಲೆಯ ಗೇಟು ದಾಟಿದ ಕೂಡಲೇ ಮಾತು ಬದಲು, ನಗು ಬದಲು, ಸಿಟ್ಟು ಬಂದರೆ ನುಂಗಬೇಕು. ಇದನ್ನು ಓದಿ ನನಗೆ ಮಗಳು ನೆನಪಾದಳು. ನಮ್ಮ ಅಡುಗೆಮನೆಯಲ್ಲಿ ‘ಅಪ್ಪಾ, ತಂಬುಳಿ ಇದ್ಯಾ’ ಅನ್ನುವ ಹುಡುಗಿ ಬಸ್ ಸ್ಟಾಪಿನಲ್ಲಿ ಗೆಳತಿಯರ ಜೊತೆ ಮಾತಾಡುವಾಗ ಬೇರೆಯೇ ಗಂಟಲು. ನಾನು ಅದನ್ನೇ ಅವಳಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ‘ನಾನು ದನಿ ಬದಲಿಸದಿದ್ದರೆ ಯಾರಾದರೂ ನಗಬಹುದು, ಸ್ಟಾರ್ ಬದಲಿಸದಿದ್ದರೆ ಸಾಯಬಹುದು, ಎರಡೂ ಒಂದೇ ಅಲ್ಲ’ ಅಂದಳು. ಅವಳ ಮಾತೇ ಸರಿ. ಹೊರನಾಡಿನಲ್ಲಿರುವ ನಾವು ಬೇರೆಯವರ ನೋವನ್ನು ನಮ್ಮ ಅಳತೆಗೆ ಹೊಲಿದುಕೊಳ್ಳುವುದರಲ್ಲಿ ಬಹಳ ಬೇಗ. ಈ ದೇಶಕ್ಕೆ ಬಂದು ಇಪ್ಪತ್ತು ವರ್ಷವಾದರೂ ಕರಿಯರ ಕೇರಿಯೊಳಗಿನ ಒಂದು ಮನೆಯ ಊಟದ ಮೇಜಿನ ಮುಂದೆ ನಾನು ಕೂತಿರಲಿಲ್ಲ. ಈ ಕಾದಂಬರಿ ಕೂರಿಸಿತು.

ಆ ಮನೆ ಎಷ್ಟು ಚೆನ್ನಾಗಿದೆ! ಅಪ್ಪ ಮ್ಯಾವೆರಿಕ್ ಹಿಂದೆ ಗ್ಯಾಂಗಿನಲ್ಲಿದ್ದವನು, ಜೈಲು ಕಂಡವನು, ಈಗ ದಿನಸಿ ಅಂಗಡಿ ಇಟ್ಟವನು. ಅಮ್ಮ ಲೀಸಾ ನರ್ಸ್. ಪೊಲೀಸರು ಅಡ್ಡಗಟ್ಟಿದರೆ ಕೈ ಎಲ್ಲಿರಬೇಕು, ಹೇಗೆ ಮಾತಾಡಬೇಕು ಎಂದು ಹನ್ನೆರಡು ವರ್ಷದ ಮಗಳಿಗೆ ಅಪ್ಪ ಅಮ್ಮ ಕೂರಿಸಿಕೊಂಡು ಹೇಳಿಕೊಟ್ಟಿರುತ್ತಾರೆ. ನಾವು ಆ ವಯಸ್ಸಿನ ಮಕ್ಕಳಿಗೆ ರಸ್ತೆ ದಾಟುವುದು ಹೇಳಿಕೊಡುತ್ತೇವೆ. ಅಪ್ಪ ಅಮ್ಮ ಜಗಳವಾಡುತ್ತಾರೆ, ಒಂದಾಗುತ್ತಾರೆ, ಕೇರಿ ಬಿಡಬೇಕೇ ಇರಬೇಕೇ ಎಂದು ವಾದಿಸುತ್ತಾರೆ. ಹದಿಹರೆಯದ ಕಾದಂಬರಿಗಳಲ್ಲಿ ಅಪ್ಪ ಅಮ್ಮ ಸಾಮಾನ್ಯವಾಗಿ ಅಡ್ಡಗೋಡೆ, ಇಲ್ಲಿ ಅವರು ಪೂರ್ಣ ಮನುಷ್ಯರು. ಕೊನೆಯ ಭಾಗದ ಗಲಭೆಯ ಅಧ್ಯಾಯಗಳಲ್ಲಿ ಎಲ್ಲವೂ ಸ್ವಲ್ಪ ಸಿನಿಮೀಯವಾಗಿ ಕೂಡಿಬರುತ್ತದೆ, ಅಲ್ಲಿ ನನಗೆ ಬಿಗಿ ಸಡಿಲಿದಂತೆ ಅನಿಸಿತು. ಆದರೆ ಮೊದಲ ಅರ್ಧದ ಬರಹಕ್ಕೆ ಕೈ ಮುಗಿಯುತ್ತೇನೆ.

ಈ ಪುಸ್ತಕವನ್ನು ಶಾಲೆಗಳಿಂದ ತೆಗೆಸಬೇಕೆಂದು ಇಲ್ಲಿ ಬಹಳ ಕಡೆ ಪಾಲಕರು ದೂರು ಕೊಟ್ಟಿದ್ದಾರೆ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಪ್ರಕಟಿಸುವ, ಅತಿ ಹೆಚ್ಚು ಆಕ್ಷೇಪ ಎದುರಿಸಿದ ಪುಸ್ತಕಗಳ ಪಟ್ಟಿಯಲ್ಲಿ ಇದು ಮತ್ತೆ ಮತ್ತೆ ಬಂದಿದೆ. ಬೈಗುಳ ಇದೆ, ಡ್ರಗ್ಸ್ ಮಾತಿದೆ, ಪೊಲೀಸರ ವಿರುದ್ಧ ಇದೆ ಎಂಬ ಕಾರಣ. ಅಂದರೆ ಬೀರುವಿಗೆ ಬೀಗ ಹಾಕುವವರು ಎರಡೂ ಕಡೆ ಇದ್ದಾರೆ. ವ್ಯತ್ಯಾಸ ಒಂದೇ, ಇಲ್ಲಿ ಬೀಗದ ಮೇಲೆ ಜಗಳ ನಡೆಯುತ್ತದೆ. ಲೈಬ್ರೇರಿಯನ್ನರು ಸಭೆಯಲ್ಲಿ ಎದ್ದು ನಿಂತು ಪುಸ್ತಕದ ಪರ ವಾದಿಸುತ್ತಾರೆ, ಕೆಲವು ಕಡೆ ಮಕ್ಕಳೇ ವಾದಿಸುತ್ತಾರೆ. ನಮ್ಮಲ್ಲಿ ಬೀಗ ಹಾಕಿದ್ದು ಯಾರಿಗೂ ಗೊತ್ತೇ ಆಗಲಿಲ್ಲ, ಒಂಬತ್ತನೆಯ ತರಗತಿಯ ನನ್ನೊಬ್ಬನನ್ನು ಬಿಟ್ಟು.

ಆದಿಬ್ ಖೊರಮ್ ಬರೆದ ‘ಡೆರಿಯಸ್ ದ ಗ್ರೇಟ್ ಈಸ್ ನಾಟ್ ಓಕೆ’ (2018) ಓದುವಾಗ ಮಾತ್ರ ನಾನು ಓದುಗನಾಗಿ ಉಳಿಯಲಿಲ್ಲ, ಅಪ್ಪನಾಗಿಬಿಟ್ಟೆ. ಪೋರ್ಟ್‌ಲ್ಯಾಂಡಿನ ಹುಡುಗ ಡೆರಿಯಸ್, ಅಮ್ಮ ಇರಾನಿನವಳು, ಅಪ್ಪ ಅಮೆರಿಕದ ಬಿಳಿಯ. ಅಜ್ಜನಿಗೆ ಕಾಯಿಲೆ ಜೋರಾಗಿ ಇಡೀ ಸಂಸಾರ ಮೊದಲ ಸಲ ಯಜ್ದ್ ನಗರಕ್ಕೆ ಹೋಗುತ್ತದೆ. ಡೆರಿಯಸ್‌ಗೆ ಫಾರ್ಸಿ ಸರಿಯಾಗಿ ಬರುವುದಿಲ್ಲ, ಪುಟ್ಟ ತಂಗಿ ಲಾಲೆಗೆ ಸರಾಗ. ಅವನು ಹುಟ್ಟಿದಾಗ ಅಮ್ಮ ಕಲಿಸಲಿಲ್ಲ, ಅವಳು ಹುಟ್ಟಿದಾಗ ಕಲಿಸಿದಳು. ಅಜ್ಜಿಯ ಮನೆಯಲ್ಲಿ ಎಲ್ಲರೂ ನಗುವಾಗ ಅವನು ಅರ್ಧ ಕ್ಷಣ ತಡವಾಗಿ ನಗುತ್ತಾನೆ.

ನಮ್ಮ ಮನೆಯಲ್ಲಿ ಇದು ತಿರುಗುಮುರುಗು. ದೊಡ್ಡವಳಿಗೆ ಕನ್ನಡ ಬರುತ್ತದೆ. ಮಗ ಹುಟ್ಟಿದಾಗ ನಾವಿಬ್ಬರೂ ಕೆಲಸದಲ್ಲಿ ಮುಳುಗಿದ್ದೆವು, ಡೇಕೇರಿನಲ್ಲಿ ಅವನು ಇಂಗ್ಲಿಷ್ ಹಿಡಿದ, ನಾವು ಸುಮ್ಮನಾದೆವು. ಕಳೆದ ಬೇಸಿಗೆಯಲ್ಲಿ ಸಾಗರಕ್ಕೆ ಹೋದಾಗ ಅಮ್ಮ ಅವನ ಕೈ ಹಿಡಿದು ಏನೇನೋ ಹೇಳುತ್ತಿದ್ದರು, ಅವನು ‘ಹೂಂ ಹೂಂ’ ಅನ್ನುತ್ತ ಅಕ್ಕನ ಮುಖ ನೋಡುತ್ತಿದ್ದ. ಅದು ಮುಜುಗರ ಎಂದಷ್ಟೇ ನಾನು ತಿಳಿದಿದ್ದೆ. ಡೆರಿಯಸ್ ತನ್ನ ಬಾಯಲ್ಲಿ ಹೇಳುವವರೆಗೆ ಅದು ಎಂಥ ಒಂಟಿತನವೆಂದು ತಿಳಿದಿರಲಿಲ್ಲ.

ಯಜ್ದ್‌ನಲ್ಲಿ ಸೊಹ್ರಾಬ್ ಎಂಬ ಹುಡುಗ ಗೆಳೆಯನಾಗುತ್ತಾನೆ. ಇರಾನ್ ಸರ್ಕಾರ ಮಾನ್ಯ ಮಾಡದ ಬಹಾಯಿ ಧರ್ಮದವನು, ಅಪ್ಪ ಜೈಲಿನಲ್ಲಿ. ಇಬ್ಬರೂ ಫುಟ್‌ಬಾಲ್ ಆಡುತ್ತಾರೆ, ಊರಿನ ಮಾಳಿಗೆಯ ಮೇಲೆ ಕೂರುತ್ತಾರೆ. ಸೊಹ್ರಾಬ್ ಅವನಿಗೆ ಫಾರ್ಸಿಯ ಒಂದು ಮಾತು ಹೇಳುತ್ತಾನೆ: ನಿನ್ನ ಜಾಗ ಖಾಲಿ ಇತ್ತು. ಇಲ್ಲದಿದ್ದವರನ್ನು ನೆನೆದೆವು ಎನ್ನಲು ಅವರು ಆಡುವ ಮಾತು ಅದು. ಓದಿದ ಕೂಡಲೇ ನನ್ನ ಅಮ್ಮ ಫೋನಿನಲ್ಲಿ ಹೇಳುವುದು ಕಿವಿಗೆ ಬಿತ್ತು, ‘ನೀವು ಹೋದ ಮೇಲೆ ಮನೆ ಬಿಕೋ ಅಂತದೆ.’ ಇಂಗ್ಲಿಷಿನಲ್ಲಿ ಆ ‘ಬಿಕೋ’ಗೆ ಏನು ಹೇಳಲಿ? ಫಾರ್ಸಿಯಲ್ಲಿ ಅದು ಇದೆ. ಇರಾನಿನ ಅಜ್ಜಿಗೂ ಸಾಗರದ ಅಜ್ಜಿಗೂ ನಡುವೆ ಇಂಗ್ಲಿಷ್ ಕಾದಂಬರಿಯೊಂದು ಸೇತುವೆ ಹಾಕಿದ್ದು ನನಗೆ ಇವತ್ತಿಗೂ ಅಚ್ಚರಿ.

ಡೆರಿಯಸ್‌ಗೆ ಖಿನ್ನತೆ ಇದೆ, ಅಪ್ಪನಿಗೂ ಇದೆ, ಇಬ್ಬರೂ ರಾತ್ರಿ ಒಟ್ಟಿಗೆ ಮಾತ್ರೆ ನುಂಗುತ್ತಾರೆ. ಇದಕ್ಕೆ ಒಂದು ದೊಡ್ಡ ಕಾರಣ, ಘೋರ ಘಟನೆ ಏನೂ ಇಲ್ಲ. ರಕ್ತದೊತ್ತಡದ ಮಾತ್ರೆಯಂತೆ ಅದೂ ಒಂದು. ನಮ್ಮ ಕಡೆ ಇದಕ್ಕೆ ಇದ್ದ ಪದಗಳು ‘ಮಂಕು ಹಿಡಿದಿದೆ’, ‘ಗಾಳಿ ಸೋಕಿದೆ’, ‘ಸೋಮಾರಿ’. ನನ್ನ ಜೊತೆ ಹೈಸ್ಕೂಲಿನಲ್ಲಿದ್ದ ಹುಡುಗನೊಬ್ಬ ಹತ್ತನೆಯ ತರಗತಿಯಲ್ಲಿ ಆರು ತಿಂಗಳು ಮನೆಯಿಂದ ಹೊರಗೆ ಬರಲಿಲ್ಲ. ನಾವು ಅವನನ್ನು ನೋಡಲು ಹೋಗಲಿಲ್ಲ, ಹೋಗಬೇಕೆಂದು ಯಾರೂ ಹೇಳಲಿಲ್ಲ. ಇಂಥ ಒಂದು ಪುಸ್ತಕ ಆಗ ಕನ್ನಡದಲ್ಲಿ ಇದ್ದಿದ್ದರೆ ಅವನು ಗುಣವಾಗುತ್ತಿದ್ದ ಅಂತ ನಾನು ಹೇಳಲಾರೆ. ನಾವು ಅವನ ಮನೆಗೆ ಹೋಗುತ್ತಿದ್ದೆವು, ಅದು ಮಾತ್ರ ಖಂಡಿತ.

ಇನ್ನು ಅಷ್ಟಾಗಿ ಒಪ್ಪದ ಪುಸ್ತಕಗಳು. ಎಲಿಜಬೆತ್ ಅಸೆವೆಡೊ ಅವರ ‘ದ ಪೊಯೆಟ್ ಎಕ್ಸ್’ 2018ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಹಾರ್ಲೆಮ್‌ನ ಡೊಮಿನಿಕನ್ ಮನೆಯ ಹುಡುಗಿ ಜಿಯೊಮಾರಾ ಗುಟ್ಟಾಗಿ ಕವಿತೆ ಬರೆಯುತ್ತಾಳೆ, ಅಮ್ಮ ಕಡು ಭಕ್ತೆ, ಶಿಕ್ಷೆಯೆಂದರೆ ಅಕ್ಕಿಕಾಳಿನ ಮೇಲೆ ಮಂಡಿಯೂರಿಸುವವಳು. ಮಗಳಿಗೆ ಇದು ಬಹಳ ಇಷ್ಟ, ದಿಂಬಿನ ಪಕ್ಕವೇ ಇರುತ್ತದೆ. ನನಗೆ ಅರ್ಧ ಇಷ್ಟ. ಅಮ್ಮ ಆ ನೋಟ್‌ಬುಕ್ ಸುಡುವ ಪುಟಗಳು ನಿಜಕ್ಕೂ ಸುಡುತ್ತವೆ. ಆದರೆ ಆ ತಾಯಿ ಯಾಕೆ ಹೀಗಾದಳು ಎಂದು ತಿಳಿಯಲು ಮಗಳಿಗೆ ಬಹಳ ತಡವಾಗಿ ಮನಸ್ಸು ಬರುತ್ತದೆ. ಸನ್ಯಾಸಿನಿಯಾಗಬೇಕೆಂದಿದ್ದ ಹೆಣ್ಣನ್ನು ಮದುವೆ ಮಾಡಿ ಈ ದೇಶಕ್ಕೆ ಕಳಿಸಿದರೆಂಬ ಒಂದು ಎಳೆ ಬರುತ್ತದೆ, ಹೋಗುತ್ತದೆ. ಆ ಎಳೆಯಲ್ಲೇ ಇನ್ನೊಂದು ಕಾದಂಬರಿ ಇತ್ತು. ಮಗಳ ಜೊತೆ ಇದರ ಬಗ್ಗೆ ವಾದವಾಯಿತು. ‘ಅದು ಅಮ್ಮನ ಪುಸ್ತಕ ಅಲ್ಲ ಅಪ್ಪಾ’ ಅಂದಳು. ಇರಬಹುದು, ಆದರೂ ನಾನು ನನ್ನ ಮಾತು ಬಿಡುವುದಿಲ್ಲ. ಯಮುನಕ್ಕನನ್ನು ನೋಡುತ್ತ ಬೆಳೆದ ಓದುಗ ನಾನು, ಪಕ್ಕದವರ ನೋವು ಕಾಣದಿದ್ದರೆ ನನಗೆ ಪುಸ್ತಕ ಕಿರಿದಾಗುತ್ತದೆ.

ಸಂಧ್ಯಾ ಮೆನನ್ ಅವರ ‘ವೆನ್ ಡಿಂಪಲ್ ಮೆಟ್ ರಿಷಿ’ ಹಗುರಾದ ಪ್ರೇಮಕಥೆ. ಮನೆಯವರು ಜೋಡಿ ಮಾಡಲು ಹೊರಟ ಸಂಗತಿ ಹುಡುಗನಿಗೆ ಗೊತ್ತು, ಹುಡುಗಿಗೆ ಗೊತ್ತಿಲ್ಲ, ಮೊದಲ ಭೇಟಿಯಲ್ಲೇ ಕೋಲ್ಡ್ ಕಾಫಿ ಎರಚಾಟ. ಒಂದು ಭಾನುವಾರಕ್ಕೆ ಸರಿ. ಕೋಡಿಂಗ್ ಮಾಡುವ ಭಾರತ ಮೂಲದ ಹುಡುಗಿ ಮುಖಪುಟದ ಮೇಲೆ ನಗುತ್ತಿರುವುದು ಇಲ್ಲಿನ ಮಕ್ಕಳಿಗೆ ಸಣ್ಣ ಸಂತೋಷವಲ್ಲ, ಅದನ್ನು ನಾನು ಬಲ್ಲೆ. ನನ್ನ ತಕರಾರು ಬೇರೆ. ಹೆಸರುಗಳು ಶಾ, ಪಟೇಲ್, ಮಾತಿನ ನಡುವೆ ಬರುವುದು ಹಿಂದಿ, ಕನಸು ಬಾಲಿವುಡ್. ಭಾರತವೆಂದರೆ ಒಂದೇ ಅಡುಗೆಮನೆ ಎಂಬಂತೆ. ಮಗಳು ಓದಿದ ಹದಿಹರೆಯದ ಪುಸ್ತಕಗಳಲ್ಲಿ ಇದುವರೆಗೆ ಯಾವ ಮಗುವೂ ‘ಅಜ್ಜಿ’ ಅಂದಿಲ್ಲ, ಯಾವ ಅಮ್ಮನೂ ‘ತಡಿಯೇ ಮಾರಾಯ್ತಿ’ ಅಂದಿಲ್ಲ. ಒಂದು ಸಲ ಅವಳೇ ಇದನ್ನು ಹೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ.

ಬರವಣಿಗೆಯ ಬಗ್ಗೆಯೂ ಒಂದು ದೂರು. ಇವುಗಳಲ್ಲಿ ಬಹುಪಾಲು ‘ನಾನು’ ಎಂದು ಶುರುವಾಗಿ ವರ್ತಮಾನಕಾಲದಲ್ಲಿ ಓಡುತ್ತವೆ. ನಾನು ಬಾಗಿಲು ತೆರೆಯುತ್ತೇನೆ, ನನ್ನ ಎದೆ ಹೊಡೆದುಕೊಳ್ಳುತ್ತದೆ, ನನಗೆ ಸಿಟ್ಟು ಬರುತ್ತದೆ. ಪ್ರತಿ ಭಾವಕ್ಕೂ ಹೆಸರಿನ ಚೀಟಿ. ನಾಲ್ಕು ಪುಸ್ತಕ ಒಟ್ಟಿಗೆ ಓದಿದರೆ ನಾಲ್ವರೂ ಒಂದೇ ಹುಡುಗಿ ಅನಿಸುತ್ತದೆ. ನಮ್ಮ ಕಥೆಗಾರರು ಹೇಳದೆ ಬಿಟ್ಟು ತಿಳಿಸುವುದರಲ್ಲಿ ಪಳಗಿದವರು. ‘ಘಟಶ್ರಾದ್ಧ’ದ ಹುಡುಗನಿಗೆ ಭಯವಾಯಿತೆಂದು ಹೇಳಬೇಕಾಗಿಲ್ಲ, ಕಾಡಿನ ಕತ್ತಲೆಯೇ ಸಾಕು.

ಎರಡೂ ರೀತಿಗಳು ಒಂದೆಡೆ ಕೂಡಿದ ಪುಸ್ತಕ ಸಿಕ್ಕಿದ್ದು ಕೊನೆಗೆ. ಚೆನ್ನೈಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಸಮುದ್ರವಿಜ್ಞಾನಿ ಪದ್ಮಾ ವೆಂಕಟರಾಮನ್ ಬರೆದ ‘ದ ಬ್ರಿಜ್ ಹೋಮ್’, 2019ರದ್ದು. ಇದನ್ನು ಇಲ್ಲಿ ಇನ್ನೂ ಸಣ್ಣ ಮಕ್ಕಳ ವಿಭಾಗದಲ್ಲಿ ಇಟ್ಟಿದ್ದಾರೆ, ಮಗನಿಗೆಂದು ತಂದದ್ದು. ಹೊಡೆಯುವ ಅಪ್ಪನ ಮನೆ ಬಿಟ್ಟು ಓಡಿಬಂದ ವಿಜಿ, ಅವಳ ಅಕ್ಕ ರುಕ್ಕು, ಸೇತುವೆಯ ಮೇಲೆ ವಾಸಿಸುವ ಅರುಳ್, ಮುತ್ತು. ನಾಲ್ವರೂ ಕಸ ಆಯ್ದು ಬದುಕುತ್ತಾರೆ. ರುಕ್ಕುವಿನ ಬುದ್ಧಿಯ ಬೆಳವಣಿಗೆ ಬೇರೆ ಮಕ್ಕಳಂತಲ್ಲ, ವಿಜಿಯೇ ಅವಳಿಗೆ ಅಕ್ಕನಂತೆ. ಇಡೀ ಕಾದಂಬರಿ ವಿಜಿ ಆ ಅಕ್ಕನಿಗೆ ಬರೆಯುವ ಪತ್ರ, ‘ನೀನು’ ಎಂದು ಕರೆದು ಹೇಳುವ ಕಥೆ. ರುಕ್ಕು ಮಣಿ ಪೋಣಿಸುತ್ತಾಳೆ, ಆ ಹಾರವನ್ನು ಮಾರಬಹುದೆಂದು ಗೊತ್ತಾದಾಗ ವಿಜಿಗೆ ತಾನು ಅಕ್ಕನನ್ನು ಎಷ್ಟು ಕಡಿಮೆ ತಿಳಿದಿದ್ದೆ ಅನಿಸುತ್ತದೆ. ನನಗೆ ತಟ್ಟನೆ ಕ್ಯಾತ ನೆನಪಾದ. ಅಲ್ಲೂ ಒಬ್ಬ ಅಕ್ಕ, ಅಲ್ಲೂ ಊರ ಕಸದ ಅಂಚಿನ ಬದುಕು. ವಿಜಿ ಅಕ್ಕನನ್ನೂ ನೋಡುತ್ತಾಳೆ, ನೋಡುತ್ತಿರುವ ತನ್ನನ್ನೂ ನೋಡುತ್ತಾಳೆ.

ಕನ್ನಡದಲ್ಲಿ ಇಂಥದ್ದು ಬರಬೇಕು. ಮಕ್ಕಳಿಗೆ ಬರೆಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ನಮ್ಮ ಸಾಗರದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು. ಶರಾವತಿಯ ನೀರಿನಡಿ ಹೋದ ಊರುಗಳ ದುಃಖವನ್ನು ಮಕ್ಕಳ ಮುಂದೆಯೂ ಇಡಬಹುದೆಂದು ಅವರು ನಂಬಿದ್ದರು. ಆದರೆ ಅಕಾಡೆಮಿಯ ಹೆಸರುಗಳನ್ನೇ ನೋಡಿ. ಒಂದು ಬಾಲ ಪುರಸ್ಕಾರ, ಇನ್ನೊಂದು ಯುವ ಪುರಸ್ಕಾರ. ಯುವ ಎಂಬುದು ಬರೆದವರ ವಯಸ್ಸು, ಓದುವವರದ್ದಲ್ಲ. ಎಂಟರ ಹುಡುಗನೂ ಹದಿನಾರರ ಹುಡುಗಿಯೂ ಅದೇ ಒಂದು ‘ಬಾಲ’ ಎಂಬ ಪದದೊಳಗೆ ಇರಬೇಕು. ಇಲ್ಲಿ 2000ದಿಂದ ಹದಿಹರೆಯದ ಪುಸ್ತಕಕ್ಕೆಂದೇ ಪ್ರಿಂಟ್ಸ್ ಪ್ರಶಸ್ತಿ ಇದೆ. ಪ್ರಶಸ್ತಿಯಿಂದ ಪುಸ್ತಕ ಹುಟ್ಟುವುದಿಲ್ಲ, ಆದರೆ ಕಪಾಟಿನಲ್ಲಿ ಒಂದು ಜಾಗ ಹುಟ್ಟುತ್ತದೆ, ಖಾಲಿ ಜಾಗ ಕಂಡರೆ ಬರೆಯುವವರು ಬರುತ್ತಾರೆ.

ಭಾಷೆಯ ತೊಡಕು ಎನ್ನುವವರಿದ್ದಾರೆ, ಈಗಿನ ಹುಡುಗರ ಮಾತು ಕನ್ನಡವೇ ಅಲ್ಲ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಬೆಂಗಳೂರಿನ ಹುಡುಗಿ ‘ಮಚ್ಚಾ, ಸೀನ್ ಆಯ್ತು’ ಅನ್ನುವುದೂ ಹುಬ್ಬಳ್ಳಿಯ ಹುಡುಗ ‘ಏನಲೇ ಮಗನ’ ಅನ್ನುವುದೂ ಜೀವಂತ ಮಾತು. ಸ್ಟಾರ್‌ಳ ಎರಡು ದನಿಯನ್ನು ಅಲ್ಲಿನ ಲೇಖಕಿ ನಾಚದೆ ಹಾಗೇ ಬರೆದರು. ನಮ್ಮ ಹದಿಹರೆಯದ ಮಗುವಿಗೆ ಮನೆಯ ಕನ್ನಡ, ಶಾಲೆಯ ಇಂಗ್ಲಿಷ್, ಇನ್‌ಸ್ಟಾಗ್ರಾಮಿನ ಮಿಶ್ರಣ ಹೀಗೆ ಮೂರು ದನಿ. ಮೂರನ್ನೂ ಪುಟಕ್ಕೆ ತರುವವರು ಬೇಕು. ಪಠ್ಯಪುಸ್ತಕದ ಕನ್ನಡದಲ್ಲಿ ಮಾತಾಡುವ ಹುಡುಗನನ್ನು ಯಾವ ಹುಡುಗನೂ ನಂಬುವುದಿಲ್ಲ. ಕೊನೆಯ ಪುಟದಲ್ಲಿ ಅವನು ಬುದ್ಧಿ ಕಲಿತು ಅಪ್ಪನ ಕಾಲಿಗೆ ಬಿದ್ದರಂತೂ ಮುಗಿಯಿತು.

ಫೆಬ್ರವರಿಯಿಂದ ನಾನು ಒಂದು ಕೆಲಸ ಮಾಡುತ್ತಿದ್ದೇನೆ. ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ತಡವರಿಸುತ್ತಾಳೆ. ರಾತ್ರಿ ಊಟವಾದ ಮೇಲೆ ಎರಡೆರಡು ಪುಟ ‘ಅಕ್ಕ’ವನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ. ಮಗ ಮೊದಲು ತನ್ನ ಕೋಣೆಗೆ ಹೋಗಿಬಿಡುತ್ತಿದ್ದ, ಈಗ ಮೆಟ್ಟಿಲ ಮೇಲೆ ಕೂರುತ್ತಾನೆ. ಎಷ್ಟು ತಿಳಿಯುತ್ತದೋ, ಅಕ್ಕ ನಕ್ಕಲ್ಲಿ ನಗುತ್ತಾನೆ. ಕ್ಯಾತನ ಬಾಯಲ್ಲಿ ಬೈಗುಳ ಧಾರಾಳ. ಮೊನ್ನೆ ಒಂದು ಸಾಲು ಬಂತು, ಮಕ್ಕಳ ಮುಂದೆ ಹೇಗೆ ಹೇಳುವುದೆಂದು ನಾನು ಹಾರಿಸಿ ಮುಂದಿನ ಸಾಲಿಗೆ ಹೋದೆ. ಮಗಳು ತಲೆ ಎತ್ತಿದಳು.

‘ಅಪ್ಪಾ, ಏನೋ ಬಿಟ್ಟೆ ನೀನು.’

ನಾನು ಹಿಂದಕ್ಕೆ ಹೋಗಿ ಆ ಸಾಲನ್ನು ಇದ್ದ ಹಾಗೆ ಓದಿದೆ.